ನನ್ನ ಅಕೌಂಟ್ಸ್ ಪುಸ್ತಕ ಯಾರಿಗೂ ಬೇಡವಂತೆ

ಮೊನ್ನೆ ಶನಿವಾರ ಕಾರವಾರ ಬಸ್ ಸ್ಟ್ಯಾಂಡಿನಲ್ಲಿ ಒಂದೂವರೆ ತಾಸು ನಿಂತಿದ್ದೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಇನ್ನೊಂದು ಚೀಲ, ಅದರೊಳಗೆ ಮಾರಲು ಒಯ್ದ ನನ್ನ ಆರು ಬಿಕಾಂ ಪುಸ್ತಕ. ನಮ್ಮ ಕಡೆಯ ಮಳೆ ಗೊತ್ತಲ್ಲ, ಕೊಡೆ ಇದ್ದರೂ ಮೊಣಕಾಲ ಕೆಳಗೆ ಪೂರ್ತಿ ಒದ್ದೆ. ಪುಸ್ತಕ ಒಯ್ಯಬೇಕಾದ ಹುಡುಗಿ ಬರಲಿಲ್ಲ. ಮೆಸೇಜ್ ಬಂತು. "ಸಾರಿ ಅಕ್ಕಾ, ಸರ್ ಹೊಸ ಸಿಲಬಸ್ ಪುಸ್ತಕನೇ ತಗೊಳ್ಳಿ ಅಂದ್ರು."

ಅಷ್ಟೇ. ಮುಗಿಯಿತು.

ಮೊದಲು ಅವಳೇ ಅಂಕೋಲೆಗೆ ಬರುತ್ತೇನೆ ಅಂದಿದ್ದಳು. ಹಿಂದಿನ ರಾತ್ರಿ ಮಾತು ಬದಲಾಯಿತು. "ಬಸ್ ಹೇಗೂ ಫ್ರೀ ಅಲ್ವಾ ಅಕ್ಕಾ, ನೀವೇ ತಂದುಕೊಡಿ." ಹೌದು, 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ. ಆದರೆ ಅವಳಿಗೂ ಫ್ರೀ ತಾನೇ? ಈ ಮಾತು ನನಗೆ ಹೊಳೆದದ್ದು ವಾಪಸ್ ಬರುವಾಗ, ಬಸ್ಸು ಅವರ್ಸಾ ದಾಟಿದ ಮೇಲೆ. ನನ್ನ ಬುದ್ಧಿ ಯಾವಾಗಲೂ ಒಂದು ಸ್ಟಾಪ್ ಹಿಂದೆ.

ಚೌಕಾಶಿ ಬೇರೆ ನಾಲ್ಕು ದಿನ ನಡೆದಿತ್ತು. ಆರು ಪುಸ್ತಕಕ್ಕೆ 600 ಹೇಳಿದೆ. ಅವಳು 200 ಅಂದಳು. ಒಂದೊಂದರ ಮುಖಬೆಲೆಯೇ ಮುನ್ನೂರರ ಮೇಲಿದೆ ಮಾರಾಯ್ತಿ! ಮುಖಪುಟದ ಫೋಟೋ ಕೇಳಿದಳು, ಕಳಿಸಿದೆ. ಬೆನ್ನಿನ ಫೋಟೋ ಕೇಳಿದಳು, ಅದೂ ಕಳಿಸಿದೆ. ಹೆಣ್ಣು ನೋಡುವವರೂ ಇಷ್ಟು ಕೇಳುವುದಿಲ್ಲ. ಕಡೆಗೆ 350ಕ್ಕೆ ಅಡ್ಡಿಲ್ಲ ಅಂತ ಒಪ್ಪಿದೆ. ಮೇ ತಿಂಗಳಲ್ಲಿ ಈಶಾಡು ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂರುವ ಅಜ್ಜಿಯರೂ ಇಷ್ಟು ಇಳಿಯುವುದಿಲ್ಲ. ಅವರ ಹಣ್ಣಾದರೂ ನಾಳೆ ಕೊಳೆಯುತ್ತದೆ.

ಆ ಅಕೌಂಟ್ಸ್ ಪುಸ್ತಕದ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದರ ಮೊದಲ ಪುಟದಲ್ಲಿ ಮೂರು ಹೆಸರಿವೆ. ಮೊದಲನೆಯದು 2021ರಲ್ಲಿ ಬಿಕಾಂ ಸೇರಿದ ಒಬ್ಬ ಅಕ್ಕನದು, ನೀಲಿ ಇಂಕು. ಅದರ ಕೆಳಗೆ 2022ರ ಒಬ್ಬ ಅಣ್ಣನದು, ಅಕ್ಷರ ಕಾಗೆ ಕಾಲು. ಮೂರನೆಯದು ನನ್ನದು, 2023. ಅಕ್ಕ ಹೊಸದು ಕೊಂಡಳು, ಅಣ್ಣ ಅರ್ಧ ಬೆಲೆಗೆ ತಗೊಂಡ, ನಾನು ಅವನಿಂದ 140ಕ್ಕೆ ತಗೊಂಡೆ. ಬೈಂಡ್ ಹಾಕಿ ಜೋಪಾನ ಮಾಡಿದೆ. ಮುಂದಿನ ವರ್ಷ ನೂರಕ್ಕೆ ಕೊಟ್ಟರಾಯಿತು ಅಂತ ಲೆಕ್ಕ. ನಮ್ಮಂಥ ಮನೆಯವರು ಓದಿದ್ದೇ ಹೀಗೆ.

ನಾಲ್ಕನೇ ಹೆಸರು ಬರಲೇ ಇಲ್ಲ. 2021ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ ಅಂತ ಬಂತು, ನಾಲ್ಕು ವರ್ಷದ ಡಿಗ್ರಿ, ಓಪನ್ ಇಲೆಕ್ಟಿವ್, ಏನೇನೋ. 2024ರಲ್ಲಿ ಅದು ಬೇಡ ಅಂತ ಆಗಿ ಮತ್ತೆ ಮೂರು ವರ್ಷದ ಡಿಗ್ರಿ, ಎಸ್‌ಇಪಿ, ಅಂದರೆ ರಾಜ್ಯದ ಶಿಕ್ಷಣ ನೀತಿಯ ಸಿಲಬಸ್. 2023ರಲ್ಲಿ ಸೇರಿದ ನಮ್ಮದೇ ಹಳೇ ಪದ್ಧತಿಯ ಕೊನೇ ಬ್ಯಾಚು. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು, ಆ ಜಗಳ ನನಗೆ ಬೇಡ. ಆದರೆ ಡೆಬಿಟ್ ಕ್ರೆಡಿಟ್ ಏನು ಸರ್ಕಾರದ ಜೊತೆ ಬದಲಾಗುತ್ತದಾ?

ಸಿಟ್ಟಿಗೆ ನಾನು ಒಂದು ಕೆಲಸ ಮಾಡಿದೆ. ಪಕ್ಕದ ಮನೆ ಹುಡುಗನ ಹೊಸ ಪುಸ್ತಕ ತಂದು ನನ್ನದರ ಜೊತೆ ಎದುರುಬದುರು ಇಟ್ಟುಕೊಂಡು ಕೂತೆ. ಅದೇ ಪ್ರಕಾಶನ. ಮುಖಪುಟದ ಬಣ್ಣ ಬೇರೆ. ಮೂರನೇ ಯೂನಿಟ್ ಎರಡಕ್ಕೆ ಬಂದಿದೆ, ಎರಡನೆಯದು ನಾಲ್ಕಕ್ಕೆ ಹೋಗಿದೆ. ನಡುವೆ ಎಲ್ಲೋ ಹತ್ತು ಪುಟ ಹೊಸದು. ಲೆಕ್ಕಗಳು ಅವೇ. ನನ್ನ ಪುಸ್ತಕದಲ್ಲಿ ಒಂದು ಲೆಕ್ಕದ ಉತ್ತರ 48,600 ಅಂತ ತಪ್ಪು ಅಚ್ಚಾಗಿದೆ. ಆಗಬೇಕಾದ್ದು 46,800. ಆ ಮೊದಲಿನ ಅಕ್ಕ ಕೆಂಪು ಪೆನ್ನಿನಲ್ಲಿ ಹೊಡೆದು ಸರಿ ಮಾಡಿ, ಪಕ್ಕದಲ್ಲಿ "ತಲೆ ಕೆಡಿಸಿಕೊಳ್ಳಬೇಡ, ಪುಸ್ತಕದ್ದೇ ತಪ್ಪು" ಅಂತ ಬರೆದಿದ್ದಾಳೆ. ಹೊಸ ಪುಸ್ತಕದಲ್ಲಿ ಅದೇ ಲೆಕ್ಕ ತೆಗೆದು ನೋಡಿದೆ. 48,600! ತಪ್ಪನ್ನೂ ಹಾಗೇ ಎತ್ತಿ ಇಟ್ಟಿದ್ದಾರೆ. ಇದಕ್ಕೆ ಹೊಸ ಸಿಲಬಸ್ ಅಂತ ಹೆಸರು, 60 ರೂಪಾಯಿ ಜಾಸ್ತಿ.

ಇನ್‌ಕಮ್ ಟ್ಯಾಕ್ಸ್ ಪುಸ್ತಕದ ವಿಷಯ ಬೇರೆ, ಅದರಲ್ಲಿ ನನ್ನ ತಕರಾರಿಲ್ಲ. 1961ರ ಕಾಯ್ದೆಯೇ ಹೋಗಿ 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದಿದೆ. ನಾವು ಬಾಯಿಪಾಠ ಹೊಡೆದ 'ಅಸೆಸ್‌ಮೆಂಟ್ ಇಯರ್' ಈಗ ಇಲ್ಲ, 'ಟ್ಯಾಕ್ಸ್ ಇಯರ್' ಅಂತೆ. ಅದನ್ನು ಯಾರಾದರೂ ಕೊಂಡರೆ ಅವರಿಗೇ ಮೋಸ. ಅದನ್ನು ಮಾರಲು ಇಟ್ಟೇ ಇಲ್ಲ ನಾನು.

ಉಳಿದದ್ದನ್ನು ಪುಸ್ತಕದಂಗಡಿಗೂ ಒಯ್ದಿದ್ದೆ. ಅಂಗಡಿಯವರು ಬೈಂಡ್ ಸಹ ತೆಗೆದು ನೋಡಲಿಲ್ಲ. "ಎನ್‌ಇಪಿಯದ್ದಾ? ಬೇಡ ತಂಗೀ." ಅವರ ಹಿಂದೆ ಹೊಸ ಪುಸ್ತಕದ ರಾಶಿ ಮಾಡಿಗೆ ಮುಟ್ಟುತ್ತಿತ್ತು. ರದ್ದಿಯವನು ಕೆಜಿಗೆ 12 ಅಂದ. ಆರು ಪುಸ್ತಕ ತೂಗಿದ, ಮೂರೂವರೆ ಕೆಜಿ. 42 ರೂಪಾಯಿ. ಅವನು ಮರ್ಯಾದೆಯಿಂದ ಮಾತಾಡಿದ, ಅದೊಂದು ಸಮಾಧಾನ. ಕೊಡಲಿಲ್ಲ ನಾನು.

ಆಯಿಗೆ ಈ ರಾಶಿ ಕಂಡರಾಗುವುದಿಲ್ಲ. "ಬೂಷ್ಟು ಹಿಡಿಯುವುದರೊಳಗೆ ಬಚ್ಚಲ ಒಲೆಗಾದರೂ ಹಾಕೇ, ಈ ಮಳೆಯಲ್ಲಿ ಕಟ್ಟಿಗೆ ಹತ್ತುವುದಿಲ್ಲ" ಅಂತ ದಿನಾ ಒಂದು ಸಲ. ಈಗಾಗಲೇ ಎರಡು ಪುಸ್ತಕದ ಅಂಚಿಗೆ ಬೆಳ್ಳಗೆ ಬಂದಿದೆ. ದಿನಾ ಒಣಬಟ್ಟೆಯಲ್ಲಿ ಒರೆಸಿ ಒರೆಸಿ ಇಡುತ್ತಿದ್ದೇನೆ, ಯಾರಿಗಾಗಿ ಅಂತ ನನಗೇ ಗೊತ್ತಿಲ್ಲ.

ನಿನ್ನೆ ರಾತ್ರಿ ಮತ್ತೆ ಆ ಕಾರವಾರದ ಹುಡುಗಿಯ ಮೆಸೇಜು. "ಅಕ್ಕಾ, ಹೊಸ ಪುಸ್ತಕ ತಗೊಂಡೆ. ಒಂದು ಲೆಕ್ಕದ ಉತ್ತರ ತಾಳೆನೇ ಆಗ್ತಿಲ್ಲ. ಪುಸ್ತಕದಲ್ಲಿ 48,600 ಇದೆ. ನಿಮ್ಮ ಪುಸ್ತಕದ ಆ ಪುಟದ್ದೊಂದು ಫೋಟೋ ಹಾಕ್ತೀರಾ ಪ್ಲೀಸ್?"

ನೋಡಿದೆ. ಅವಳ ವಾಟ್ಸಾಪಿನಲ್ಲಿ ನೀಲಿ ಗೀಟು ಬಿದ್ದಿರುತ್ತದೆ. ಬಿದ್ದಿರಲಿ.