ಬಳ್ಳಾರಿ–ಕೊಪ್ಪಳಕ್ಕೆ ವಾಹನ ಕಾರ್ಖಾನೆ ಬೇಕಾ?

ಪರ: ಉಕ್ಕು ಇಲ್ಲಿಯದು, ಕೆಲಸವೂ ಇಲ್ಲೇ ಸಿಗಲಿ

ತೋರಣಗಲ್ಲಿನಿಂದ ಹೊಸಪೇಟೆ ಕಡೆ ಹೊರಟರೆ ಟ್ರೇಲರ್ ಲಾರಿಗಳ ಸಾಲು ಸಿಗುತ್ತದೆ. ಒಂದೊಂದರ ಮೇಲೂ ಉಕ್ಕಿನ ಕಾಯಿಲ್, ಅಂದರೆ ಸುರುಳಿ ಸುತ್ತಿದ ತಗಡು. ಉರುಳದ ಹಾಗೆ ಕೆಳಗೆ ಮರದ ತುಂಡು, ಮೇಲೆ ಬಿಗಿದ ಸರಪಳಿ. ಕಾರಿನ ಬಾಗಿಲು, ಬಾನೆಟ್‌ಗೆ ಬೇಕಾದ ತೆಳುವಾದ ತಗಡೂ ಇಲ್ಲಿಂದ ಹೀಗೇ ಹೋಗುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯೂ, ಜಪಾನಿನ ಜೆಎಫ್‌ಇ ಕಂಪನಿಯ ತಂತ್ರಜ್ಞಾನ ತಂದು ವಾಹನಗಳಿಗೆಂದೇ ತಗಡು ತಯಾರಿಸುತ್ತಿದೆ. ಆ ತಗಡನ್ನು ಒತ್ತಿ ಬಾಗಿಲು ಮಾಡುವ ಕೆಲಸ ಮಾತ್ರ ಬೇರೆ ಊರಿನವರ ಪಾಲು. ಜೆಎಸ್‌ಡಬ್ಲ್ಯೂ ಪಾಲು ಹೊಂದಿರುವ ಎಂಜಿ ಕಾರು ತಯಾರಾಗುವುದು ಗುಜರಾತಿನ ಹಾಲೋಲ್‌ನಲ್ಲಿ.

ಕೊಪ್ಪಳದ ಬೇವಿನಹಳ್ಳಿಯಲ್ಲೂ ಇದೇ ಕಥೆ. ಕಿರ್ಲೋಸ್ಕರ್ ಫೆರಸ್‌ನವರು ಅಲ್ಲಿ ಟ್ರ್ಯಾಕ್ಟರ್, ಲಾರಿ ಇಂಜಿನ್‌ಗಳ ಸಿಲಿಂಡರ್ ಬ್ಲಾಕ್ ಎರಕ ಹೊಯ್ಯುತ್ತಾರೆ. ಅದೂ ಲಾರಿ ಹತ್ತಿ ಹೋಗುತ್ತದೆ. ಗಂಗಾವತಿ, ಸಿರುಗುಪ್ಪದ ರೈತರು ಟ್ರ್ಯಾಕ್ಟರ್ ಕೊಳ್ಳುವುದು ಹೊರಗಿನಿಂದ ಬಂದಮೇಲೆ.

ರಾಜ್ಯದ ನಕ್ಷೆ ನೋಡಿ. ಬಿಡದಿಯಲ್ಲಿ ಟೊಯೊಟಾ, ಹೊಸಕೋಟೆಯಲ್ಲಿ ವೋಲ್ವೊ, ನರಸಾಪುರದಲ್ಲಿ ಹೋಂಡಾ, ಮೈಸೂರಿನಲ್ಲಿ ಟಿವಿಎಸ್, ಧಾರವಾಡದಲ್ಲಿ ಟಾಟಾ. ಕಲ್ಯಾಣ ಕರ್ನಾಟಕದಲ್ಲಿ ಅಂಥ ದೊಡ್ಡ ಕಾರ್ಖಾನೆ ಒಂದೂ ಇಲ್ಲ. ಸಂವಿಧಾನದ 371ಜೆ ವಿಧಿ ನಮಗೆ ಸರ್ಕಾರಿ ಹುದ್ದೆಯಲ್ಲಿ, ಕಾಲೇಜು ಸೀಟಿನಲ್ಲಿ ಪಾಲು ಕೊಟ್ಟಿತು. ಖಾಸಗಿ ಕೆಲಸ ಅದರಿಂದ ಹುಟ್ಟುವುದಿಲ್ಲ. ಐಟಿಐ ಮುಗಿಸಿದ ಹುಡುಗರು ಬ್ಯಾಗ್ ಹೆಗಲಿಗೇರಿಸಿ ಹಂಪಿ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಗೆ ನುಗ್ಗುವುದನ್ನು ಬಳ್ಳಾರಿ ಸ್ಟೇಷನ್ನಿನಲ್ಲಿ ಯಾವ ರಾತ್ರಿ ಬೇಕಾದರೂ ನೋಡಬಹುದು. ಇವರಿಗೆ ಊರಲ್ಲೇ ವೆಲ್ಡಿಂಗ್, ಫಿಟ್ಟಿಂಗ್ ಕೆಲಸ ಸಿಗಬಾರದಾ?

ಕಾರೇ ಆಗಬೇಕೆಂದಿಲ್ಲ. ಟ್ರ್ಯಾಕ್ಟರ್ ಆಗಲಿ, ಟ್ರೇಲರ್ ಆಗಲಿ, ಬಸ್ ಬಾಡಿ ಆಗಲಿ. ಉಕ್ಕಿನ ಕಾರ್ಖಾನೆಗೆ ಹೋಲಿಸಿದರೆ ಇವುಗಳ ಹೊಗೆ ಕಡಿಮೆ, ನೀರೂ ಕಡಿಮೆ. ಧೂಳು ಇಷ್ಟು ವರ್ಷ ನಾವೇ ಕುಡಿದಿದ್ದೇವೆ. ಧೂಳಿಲ್ಲದ ಕೆಲಸ ಕೇಳುವ ಹಕ್ಕೂ ನಮಗಿದೆ.

ವಿರೋಧ: ಮೊದಲು ಕೊಟ್ಟ ಭೂಮಿಯ ಲೆಕ್ಕ ಹೇಳಿ

ಬಳ್ಳಾರಿ ಹತ್ತಿರದ ಕುಡತಿನಿ ಸುತ್ತ 2010ರ ಹೊತ್ತಿಗೆ ಉಕ್ಕಿನ ಕಾರ್ಖಾನೆ ಬರುತ್ತದೆ ಎಂದು ಸಾವಿರಾರು ಎಕರೆ ಹೊಲ ತೆಗೆದುಕೊಂಡರು. ಮನೆಗೊಬ್ಬರಿಗೆ ಕೆಲಸ ಸಿಗುವ ಆಸೆಯಲ್ಲಿ ರೈತರು ಬಿಟ್ಟುಕೊಟ್ಟರು. ಕಾರ್ಖಾನೆ ಬರಲಿಲ್ಲ. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆ ಭೂಮಿ ಪಾಳು ಬಿದ್ದಿದೆ. ಹೊಲ ಕಳೆದುಕೊಂಡವರು ವರ್ಷಗಟ್ಟಲೆ ಧರಣಿ ಕೂತಿದ್ದಾರೆ. ಅವರ ಮುಂದೆ ನಿಂತು ಇನ್ನೊಂದು ಹೂಡಿಕೆಯ ಸುದ್ದಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ವಾಹನ ಕಂಪನಿಗಳು ಬಂದ ಮೇಲೂ ನಿಲ್ಲುತ್ತವೆ ಅನ್ನೋ ಭರವಸೆ ಇಲ್ಲ. ಜನರಲ್ ಮೋಟರ್ಸ್ 2020ರಲ್ಲಿ ಪುಣೆ ಹತ್ತಿರದ ತಳೇಗಾಂವ್ ಕಾರ್ಖಾನೆ ನಿಲ್ಲಿಸಿತು. ಫೋರ್ಡ್ 2021ರಲ್ಲಿ ಸಾನಂದದಲ್ಲಿ ಕಾರು ಮಾಡುವುದನ್ನು, ಮರುವರ್ಷ ಚೆನ್ನೈನಲ್ಲಿಯೂ ನಿಲ್ಲಿಸಿತು. ಸಾನಂದದ ಕಾರ್ಖಾನೆಯನ್ನು ಟಾಟಾ ಕೊಂಡಿತು, ಸುತ್ತ ಅಷ್ಟು ಬಿಡಿಭಾಗದ ಕಾರ್ಖಾನೆಗಳಿದ್ದವು. ಇಲ್ಲಿ ಹಾಗಾದರೆ ಕೊಳ್ಳಲು ಬರುವವರು ಯಾರು? ಇನ್ನು ಬ್ಯಾಟರಿ ವಾಹನಕ್ಕೆ ಸಿಲಿಂಡರ್ ಬ್ಲಾಕೇ ಬೇಡ. ಬೇವಿನಹಳ್ಳಿಯ ಎರಕ ತೋರಿಸಿ ಮುಂದಿನ ಮೂವತ್ತು ವರ್ಷದ ಕನಸು ಕಟ್ಟುವುದು ಸರಿಯಲ್ಲ.

ಹೊಗೆ ಕಡಿಮೆ ಅನ್ನುವುದು ನಿಜ, ಒಪ್ಪುತ್ತೇನೆ. ಆದರೆ ಬಣ್ಣ ಹಚ್ಚುವ ವಿಭಾಗಕ್ಕೆ ನೀರು ಬೇಕೇ ಬೇಕು. 133 ಟಿಎಂಸಿ ಇದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಕಾಲುವೆ ಕೊನೆಯ ರೈತರು ನಿದ್ದೆ ಕೆಟ್ಟು ಕಾದರು. 2025ರ ಫೆಬ್ರವರಿಯಲ್ಲಿ ಕೊಪ್ಪಳದ ಜನ, ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿಯವರ ಜೊತೆ, ಊರ ಪಕ್ಕ ಉಕ್ಕಿನ ಕಾರ್ಖಾನೆ ಬೇಡ ಎಂದು ಬೀದಿಗಿಳಿದದ್ದು ಸುಮ್ನೆ ಅಲ್ಲ.

ಕೆಲಸ ಅಂದರೆ ಎಂಥ ಕೆಲಸ ಅನ್ನುವುದನ್ನೂ ಕೇಳಬೇಕು. ಜೋಡಣೆ ಸಾಲಿನಲ್ಲಿ ಟ್ರೇನಿ, ಅಪ್ರೆಂಟಿಸ್, ಗುತ್ತಿಗೆ ಹುಡುಗರೇ ಜಾಸ್ತಿ. ಎರಡು ವರ್ಷ ಆಯ್ತು ಅಂದರೆ ಹೊರಗೆ, ಹೊಸಬರು ಒಳಗೆ. ಅದಕ್ಕಿಂತ ಎರಕದ ಬ್ಲಾಕನ್ನು ಕೊರೆದು, ಉಜ್ಜಿ, ಅಳತೆಗೆ ತರುವ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರಗಳ) ವರ್ಕ್‌ಶಾಪುಗಳನ್ನು ಇಲ್ಲಿಯವರೇ ಹಾಕಲಿ. ಪಂಪಿನ ಭಾಗ, ರೈಲಿನ ಭಾಗ ಮಾಡಲೂ ಆ ಯಂತ್ರ ಆಗುತ್ತದೆ. ಸಾಲ, ಶೆಡ್ಡು, ಕರೆಂಟು ಅವರಿಗೆ ಕೊಡಿ.

ದೊಡ್ಡವರು ಬರಲೇಬೇಕು ಅನ್ನುವುದಾದರೆ ಖಾಲಿ ಬಿದ್ದಿರುವ ಭೂಮಿಯಲ್ಲೇ ಬರಲಿ, ಅದೂ ಗುತ್ತಿಗೆಗೆ. ಬಾಡಿಗೆಯಲ್ಲಿ ಹೊಲ ಕೊಟ್ಟವರಿಗೂ ಪಾಲಿರಲಿ. ಹೇಳಿದ ಅವಧಿಯೊಳಗೆ ಉತ್ಪಾದನೆ ಶುರುವಾಗದಿದ್ದರೆ ಪಹಣಿಯಲ್ಲಿ ಮತ್ತೆ ರೈತರ ಹೆಸರೇ ಬರಬೇಕು. ಈ ಷರತ್ತು ಮೊದಲ ಕಾಗದದಲ್ಲೇ ಇರಲಿ.