ವಿಂಡೋಸೋ, ಲಿನಕ್ಸೋ, ಮ್ಯಾಕೋ: ಬೆಟಗೇರಿಯ ಡಿಟಿಪಿ ಅಂಗಡಿಯಿಂದ

ಹೋದ ಐತವಾರ ನಮ್ಮ ಅಂಗಡಿಯಾಗ ಒಂದು ಜಗಳ ನಡೀತು. ರೊಕ್ಕದ್ದಲ್ಲ, ಹೊಲದ ಬದುವಿಂದಲ್ಲ. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ ಐತಲ್ಲ, ಅದು ವಿಂಡೋಸ್ ಚಲೋನೋ, ಲಿನಕ್ಸ್ ಚಲೋನೋ, ಆಪಲ್ ಕಂಪನಿಯ ಮ್ಯಾಕ್ ಚಲೋನೋ ಅಂತ. ತರಿಸಿದ ಗಿರ್ಮಿಟ್ ಮೆತ್ತಗಾಯಿತು, ಮಿರ್ಚಿ ಆರಿ ಹೋಯಿತು, ಜಗಳ ಮಾತ್ರ ಬಿಸಿಯಾಗೇ ಇತ್ತು. ಮೂರು ಮಂದಿ ಮಾತಾಡಿದರು, ಅಂಗಡಿ ಮಾಲಕನಾದ ನಾನು ಚಾದ ರೊಕ್ಕ ಕೊಟ್ಟೆ. ಅಲ್ಲಿ ನನಗೆ ಬಾಯಿ ತೆಗೆಯಲು ಯಾರೂ ಬಿಡಲಿಲ್ಲ, ಅದಕ್ಕ ಇಲ್ಲಿ ಬರೀತೀನಿ. ಉದ್ದ ಆಗ್ತದ, ಪುರಸೊತ್ತು ಇದ್ದವರು ಓದ್ರಿ.

ನಾನು ಗದಗಿನ ಜೋಡಿ ಊರಾದ ಬೆಟಗೇರಿಯಲ್ಲಿ ಡಿಟಿಪಿ ಅಂಗಡಿ ಇಟ್ಟು 22 ವರ್ಷವಾಯಿತು. ಗದಗಿಗೆ ಮುದ್ರಣ ಕಾಶಿ ಅನ್ನೋ ಹೆಸರಿದೆ. ನಮ್ಮಪ್ಪ ಇಲ್ಲೇ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಅಕ್ಷರದ ಮೊಳೆ ಜೋಡಿಸುತ್ತಿದ್ದರು. ಉಲ್ಟಾ ಅಕ್ಷರ ಓದುವುದು ಅವರಿಗೆ ಎಷ್ಟು ರೂಢಿಯಾಗಿತ್ತೆಂದರೆ, ಬಸ್ಸಿನಲ್ಲಿ ಎದುರಿಗೆ ಕೂತವರು ತೊಡೆಯ ಮೇಲೆ ಹರವಿಕೊಂಡ ಪೇಪರನ್ನು ಅವರಿಗಿಂತ ಮೊದಲು ಓದಿ ಮುಗಿಸುತ್ತಿದ್ದರು. ನನ್ನದು ಕೀಬೋರ್ಡಿನ ಕಾಲ. ಲಗ್ನಪತ್ರಿಕೆ, ಜಾತ್ರೆ ಹ್ಯಾಂಡ್‌ಬಿಲ್, ರಸೀದಿ ಬುಕ್ಕು, ವರ್ಷಕ್ಕೊಂದೆರಡು ಕವನ ಸಂಕಲನ. ಕಂಪ್ಯೂಟರ್ ಮೂರು ಇವೆ. ಅದರಲ್ಲಿ ಎರಡು ನಾಲ್ಕನೇ ಪೀಳಿಗೆಯ ಇಂಟೆಲ್ ಐ3 ಪ್ರೊಸೆಸರಿನವು, ನಾಲ್ಕು ಜಿಬಿ ರ‍್ಯಾಮಿನವು.

ಜಗಳದ ಬೇರು ಅಲ್ಲೇ ಇದೆ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದರೆ ಎಂಟನೇ ಪೀಳಿಗೆಯಿಂದ ಮೇಲಿನ ಪ್ರೊಸೆಸರ್ ಬೇಕು. ನನ್ನ ಮಷಿನ್ನು ಇವತ್ತಿಗೂ ದಿನಕ್ಕೆ ಹತ್ತು ತಾಸು ದುಡಿಯುತ್ತದೆ. ಎತ್ತು ಚಂದಾಗಿ ಉಳ್ತಿದ್ದರೂ ಬಾಯಿ ಬಿಡಿಸಿ ಹಲ್ಲು ಎಣಿಸಿ ಬ್ಯಾಡ ಅಂದಂಗಾತು.

ರಿಪೇರಿ ಮಾಡುವ ಹುಡುಗ ಒಂದೇ ಮಾತಿನಲ್ಲಿ ಮುಗಿಸಿದ: "ಸರ, ಬೈಪಾಸ್ ಮಾಡಿ ಇಲೆವೆನ್ ಹಾಕಿ ಕೊಡ್ತೀನಿ. ಐನೂರು ರೂಪಾಯಿ ಕೊಡ್ರಿ, ಕೀ ಗೀ ಏನೂ ಬೇಕಾಗಿಲ್ಲ." ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗ ಉರಿದು ಬಿದ್ದ: "ಮಾಮಾ, ಕದ್ದ ಮಾಲು ಹಾಕ್ಕೊಂಡು ಎಷ್ಟು ದಿನಾ ಕುಂದರ್ತೀ? ಲಿನಕ್ಸ್ ಮಿಂಟ್ ಹಾಕು. ಎರಡು ಜಿಬಿ ರ‍್ಯಾಮ್ ಇದ್ರೂ ನಡೀತದ." ಪಕ್ಕದ ಫೋಟೋ ಸ್ಟುಡಿಯೋದ ಗೆಳೆಯ ಮಿರ್ಚಿ ಮುರಿಯುತ್ತ ನಕ್ಕ: "ಎರಡೂ ಬಿಡೋ ಅಣ್ಣಾ, ಒಂದ್ ಮ್ಯಾಕ್ ಮಿನಿ ತಗೋ, ಐದು ವರ್ಷ ತಿರುಗಿ ನೋಡಬ್ಯಾಡ."

ಈಗ ನನ್ನ ಸರದಿ.

ಮೊದಲು ಕದ್ದ ಮಾಲಿನ ಮಾತು, ಯಾಕಂದ್ರ ಇದನ್ನ ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಲಿನಕ್ಸ್ ಪುಕ್ಕಟೆ, ವಿಂಡೋಸಿಗೆ ದುಡ್ಡು ಕೊಡಬೇಕು ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ನಮ್ಮ ಊರಿನ ಲೆಕ್ಕದಲ್ಲಿ ಎರಡೂ ಪುಕ್ಕಟೆ. ಹುಡುಗ ಪೆನ್‌ಡ್ರೈವ್ ತರ್ತಾನೆ, ಕೀ ಇಲ್ಲದೆ ವಿಂಡೋಸ್ ನಡೆಸುವ ಆಕ್ಟಿವೇಟರ್ ಅನ್ನೋ ಕಳ್ಳ ಪ್ರೋಗ್ರಾಮ್ ಓಡಿಸ್ತಾನೆ, ಮುಗೀತು. ಹಂಗಾಗಿ ಲಿನಕ್ಸಿನ ಪುಕ್ಕಟೆತನಕ್ಕೆ ನಮ್ಮಲ್ಲಿ ಬೆಲೆಯೇ ಹುಟ್ಟಲಿಲ್ಲ. ನಾನೂ ಸಾಚಾ ಅಲ್ಲ, ಎಷ್ಟೋ ವರ್ಷ ಹಂಗೇ ನಡೆಸಿದವನು. ಒಮ್ಮೆ ಅಂಥ ಆಕ್ಟಿವೇಟರ್ ಜೋಡಿ ಬಂದ ವೈರಸ್ಸು ಒಂದು ರಾತ್ರಿಯಲ್ಲಿ ಇಡೀ ಡ್ರೈವ್ ತಿಂದು ಹಾಕಿತು. ನಾಳೆ ಪ್ರಿಂಟಿಗೆ ಹೋಗಬೇಕಿದ್ದ ಎರಡು ಲಗ್ನಪತ್ರಿಕೆ ಅದರೊಳಗಿದ್ದವು. ಬೆಳಗಿನ ಜಾವದ ತನಕ ಕೂತು ಮತ್ತೆ ಟೈಪ್ ಮಾಡಿದೆ. ಬೀಗರ ಹೆಸರು ತಪ್ಪದಿದ್ದದ್ದು ವೀರನಾರಾಯಣನ ದಯೆ.

ಆದರೂ ವಿಂಡೋಸನ್ನು ನಾನು ಬೈಯೋದಿಲ್ಲ. ಇಪ್ಪತ್ತು ವರ್ಷದ ಹಿಂದಿನ ಪ್ರೋಗ್ರಾಮನ್ನು ಇವತ್ತಿಗೂ ಬಹುಮಟ್ಟಿಗೆ ಓಡಿಸಿಕೊಂಡು ಬಂದಿರೋದು ಅದರ ದೊಡ್ಡ ಗುಣ. ಪುಟ ಕಟ್ಟುವ ಪ್ರೋಗ್ರಾಮ್ ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದರ ನಂತರ ಹೊಸ ಆವೃತ್ತಿ ಬರಲೇ ಇಲ್ಲ. ಅಂಥ ಮುದುಕನನ್ನ ನಾನು ಇನ್ನೂ ದುಡಿಸ್ತಿದ್ದೀನಿ. ಲೆಕ್ಕ ಬರೆಯುವ ಟ್ಯಾಲಿ ಇರೋದು ವಿಂಡೋಸಿಗೆ. ಟೆಂಡರು, ಜಿಎಸ್‌ಟಿಗೆ ಬೇಕಾಗುವ ಡಿಜಿಟಲ್ ಸಹಿಯ ಟೋಕನ್ನನ್ನು ಸಿಕ್ಕಿಸಿದ ಕೂಡಲೇ ಗುರುತು ಹಿಡಿಯೋದು ವಿಂಡೋಸು. ಡಿಸೈನ್ ಮಾಡುವ ಕೋರೆಲ್‌ಡ್ರಾ 2000ನೇ ಇಸ್ವಿಯಲ್ಲಿ ಒಮ್ಮೆ ಲಿನಕ್ಸಿಗೂ ಬಂದಿತ್ತು, ಮುಂದುವರಿಯಲಿಲ್ಲ. ನಮ್ಮ ಅಳಿಯನಿಗೆ ಇದನ್ನು ಹೇಳಿದರೆ "ಇಂಕ್‌ಸ್ಕೇಪ್ ಐತಲ್ಲ ಮಾಮಾ" ಅಂತಾನೆ. ಇದೆಯಪ್ಪಾ, ಚಲೋನೂ ಐತಿ. ಆದರೆ ಆಫ್‌ಸೆಟ್ ಪ್ಲೇಟಿಗೆ ನಾಲ್ಕು ಬಣ್ಣ ಬೇರೆ ಬೇರೆ ಮಾಡಿ ಕೊಡು ಅಂದರೆ ಅದು ತಲೆ ಕೆರೆದುಕೊಳ್ತದೆ. ಆಗ ಫೈಲನ್ನ ಎತ್ತಿಕೊಂಡು ಸ್ಕ್ರೈಬಸ್ ಅನ್ನೋ ಇನ್ನೊಂದು ಪ್ರೋಗ್ರಾಮಿಗೆ ಹೋಗಬೇಕು. ಪ್ರೆಸ್ಸಿನವ ಬಾಗಿಲಲ್ಲಿ ನಿಂತಾಗ ಅಷ್ಟು ಸುತ್ತಾಟಕ್ಕೆ ವೇಳೆ ಎಲ್ಲಿಂದ ತರೋದು?

ಮ್ಯಾಕ್ ವಿಷಯದಲ್ಲಿ ಗೆಳೆಯನನ್ನು ಎಲ್ಲರೂ ಶ್ರೀಮಂತರ ಆಟಿಗೆ ಅಂತ ನಕ್ಕರು. ನಾನು ನಗಲಿಲ್ಲ. ನಮ್ಮ ಡಿಟಿಪಿ ಕಸುಬು ಹುಟ್ಟಿದ್ದೇ ಮ್ಯಾಕಿನ ಮೇಲೆ. 1985ರಲ್ಲಿ ಮ್ಯಾಕಿಂಟಾಷ್, ಲೇಸರ್‌ರೈಟರ್ ಪ್ರಿಂಟರ್, ಪೇಜ್‌ಮೇಕರ್ ಮೂರೂ ಒಂದಕ್ಕೊಂದು ಕೂಡಿದ ಮೇಲೇ ಮೇಜಿನ ಮೇಲೆ ಪುಟ ಕಟ್ಟೋದು ಅನ್ನೋದು ಶುರುವಾದದ್ದು. ಗೆಳೆಯನ ಪರದೆಯಲ್ಲಿ ಕಂಡ ಅರಿಶಿಣವೇ ಆಲ್ಬಮ್ಮಿನಲ್ಲೂ ಬರುತ್ತದೆ. ನನ್ನ ಮಾನಿಟರಿನಲ್ಲಿ ಮದುಮಗಳು ಕಾಮಾಲೆ ಬಂದವಳ ಹಂಗ ಕಾಣ್ತಾಳೆ. 2020ರ ಎಂ1 ಚಿಪ್ಪಿನ ಮಿನಿ ಅವನದು, ಸಪ್ಪಳಿಲ್ಲ, ಕಾವಿಲ್ಲ. ನನಗೆ ಒಗ್ಗದ ಸಂಗತಿ ಒಂದೇ, ಅದನ್ನ ಬಿಚ್ಚೋಕೆ ಬರೋದಿಲ್ಲ. ರ‍್ಯಾಮ್ ಚಿಪ್ಪಿನ ಜೋಡಿನೇ ಅಂಟಿ ಕೂತಿರ್ತದೆ, ಕೊಳ್ಳೋ ದಿನ ಎಷ್ಟು ತಗೊಂಡ್ಯೋ ಅಷ್ಟೇ. ನಾನು ಇವತ್ತು ನಾಲ್ಕು, ದೀಪಾವಳಿಗೆ ಇನ್ನೊಂದು ನಾಲ್ಕು ಅಂತ ಹಾಕುವ ಮನುಷ್ಯ.

ಲಿನಕ್ಸನ್ನು ನಾನು ಈ ಜಗಳಕ್ಕೂ ಮೊದಲೇ ಅಳಿಯನ ಕಾಟ ತಾಳಲಾರದೆ ಒಂದು ಮಷಿನ್ನಿಗೆ ಹಾಕಿದೆ, ಹಳೇ ಹಾರ್ಡ್‌ಡಿಸ್ಕ್ ತೆಗೆದು ಒಂದು ಎಸ್‌ಎಸ್‌ಡಿ ಕೂರಿಸಿ. ಈಗ ಅದೇ ನನ್ನ ಗಿರಾಕಿ ಮಷಿನ್ನು. ಕಾರಣ ಕೇಳಿದರೆ ನಗ್ತೀರಿ: ಪೆನ್‌ಡ್ರೈವ್. ಝೆರಾಕ್ಸ್ ಅಂಗಡಿ ನಡೆಸುವವರಿಗೆ ಗೊತ್ತು, ಶಾರ್ಟ್‌ಕಟ್ ವೈರಸ್ ಅಂದರೆ ಏನು ಅಂತ. ಹುಡುಗಿ ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ತೆಗೆಸಲು ಬರ್ತಾಳೆ, ಸಿಕ್ಕಿಸಿದರೆ ಫೋಲ್ಡರ್ ಎಲ್ಲ ಮಾಯ, ಅವುಗಳ ಜಾಗದಲ್ಲಿ ಸಣ್ಣ ಬಾಣದ ಗುರುತಿನ ಐಕಾನು. ಕ್ಲಿಕ್ ಮಾಡಿದರೆ ನಮ್ಮ ಮಷಿನ್ನಿಗೂ ಅಂಟಿತು. "ಸರ, ನಾಳೆ ಲಾಸ್ಟ್ ಡೇಟ್" ಅಂತ ಕಣ್ಣಲ್ಲಿ ನೀರು. ಅಸಲು ಫೈಲು ಎಲ್ಲಿಯೂ ಹೋಗಿರೋದಿಲ್ಲ, ವೈರಸ್ಸು ಅದಕ್ಕೆ ಅಡಗಿಸುವ ಗುರುತು ಹಚ್ಚಿರ್ತದೆ ಅಷ್ಟೇ. ಲಿನಕ್ಸ್ ಆ ಗುರುತಿಗೆ ಸೊಪ್ಪು ಹಾಕೋದಿಲ್ಲ, ಎಲ್ಲ ಫೋಲ್ಡರನ್ನೂ ತೆರೆದಿಟ್ಟು ತೋರಿಸ್ತದೆ. ವಿಂಡೋಸಿಗೆಂದು ಬರೆದ ಆ ವೈರಸ್ಸು ಅಲ್ಲಿ ಓಡೋದೂ ಇಲ್ಲ. ನಾನು ಪ್ರಿಂಟ್ ಕೊಟ್ಟು ಕಳಿಸಿದರೆ, ಅವರ ಪಾಲಿಗೆ ನಾನು ಮಂತ್ರವಾದಿ.

ಇನ್ನೊಂದು ಕಡೆ, ನನ್ನ ಹತ್ತಿರ ಒಂದು ಹಳೆಯ ಲೇಸರ್ ಪ್ರಿಂಟರ್ ಇದೆ, ಯಾವ ಕಂಪನಿಯದು ಅಂತ ಬೇಡ. ಅದಕ್ಕೆ ಲಿನಕ್ಸಿನಲ್ಲಿ ಡ್ರೈವರ್ ಕೂಡಿಸಲು ಅಳಿಯ ಒಂದು ಭಾನುವಾರ ಪೂರ್ತಿ ಕಪ್ಪು ಪರದೆಯಲ್ಲಿ ಏನೇನೋ ಹೊಡೆದ. ಸಂಜೆಗೆ ಒಂದು ಹಾಳೆ ಬಂತು, ಅರ್ಧ ಖಾಲಿ. ಬೇರೆ ಪ್ರಿಂಟರ್ ಕೊಂಡೆ.

ಈಗ ಅಸಲು ಮಾತಿಗೆ ಬರ್ತೀನಿ. ಮೂವರೂ ತಾಸುಗಟ್ಟಲೆ ಜಗಳಾಡಿದರೂ ಒಬ್ಬನೂ ಕನ್ನಡದ ಸುದ್ದಿ ಎತ್ತಲಿಲ್ಲ. ನನ್ನನ್ನು ವಿಂಡೋಸಿಗೆ ಕಟ್ಟಿ ಹಾಕಿದ್ದು ವಿಂಡೋಸಲ್ಲ, ನನ್ನ ಫೈಲುಗಳು.

ಕನ್ನಡ ಟೈಪ್ ಮಾಡುವ ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ನಾವು "ಕನ್ನಡ" ಅಂತ ಹೊಡೆದರೆ ಕಂಪ್ಯೂಟರಿನ ಒಳಗೆ ಕೂತಿರೋದು ಕನ್ನಡ ಅಲ್ಲವೇ ಅಲ್ಲ. ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಹೊತ್ತ ಎ, ಆಮೇಲೆ ಇಂಗ್ಲೆಂಡಿನ ಪೌಂಡ್ ನಾಣ್ಯದ ಗುರುತು. ಪಿ ಮೇಲೆ ಕಕಾರದ ಮುಖವಾಡ ಹಾಕುವ ಕೆಲಸ ಫಾಂಟಿನದು. ಫಾಂಟ್ ತೆಗೆದರೆ ಬಣ್ಣ ಒರೆಸಿದ ದೊಡ್ಡಾಟದ ಪಾತ್ರಧಾರಿ. ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ನಂಬರು ಕೊಡುವ ಯೂನಿಕೋಡಿನಲ್ಲಿ ಹಾಗಲ್ಲ, ಕ ಅಕ್ಷರಕ್ಕೆ ತನ್ನದೇ ನಂಬರು, 3221. ಅದು ವಿಂಡೋಸಿನಲ್ಲೂ ಕ, ಲಿನಕ್ಸಿನಲ್ಲೂ ಕ, ಮ್ಯಾಕಿನಲ್ಲೂ ಕ, ನಿಮ್ಮ ಮೊಬೈಲಿನಲ್ಲೂ ಕ. ಲಿನಸ್ ಟೋರ್ವಾಲ್ಡ್ಸ್ ತನ್ನ ಲಿನಕ್ಸನ್ನು ಹೊರಗೆ ಬಿಟ್ಟ 1991ರಲ್ಲೇ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತ್ತು. ವಿಂಡೋಸ್ ಎಕ್ಸ್‌ಪಿ 2001ರಲ್ಲೇ ತುಂಗಾ ಫಾಂಟ್ ಕೊಟ್ಟಿತ್ತು. ನಾವು ಡಿಟಿಪಿಯವರು ಮಾತ್ರ ಯೂನಿಕೋಡ್ ಬಾರದ ಪೇಜ್‌ಮೇಕರಿಗೆ ಜೋತು ಬಿದ್ದು ಇಪ್ಪತ್ತು ವರ್ಷ ಪಿ ಮತ್ತು ಪೌಂಡುಗಳನ್ನೇ ಗುಡ್ಡೆ ಹಾಕಿದೆವು.

ಇದರ ಬಿಸಿ ತಟ್ಟಿದ್ದು ಈ ವರ್ಷ. ಹತ್ತಿರದ ಹಳ್ಳಿಯ ಒಬ್ಬ ನಿವೃತ್ತ ಮಾಸ್ತರು ಬಂದರು. ಅವರ ತಂದೆ ಕೂಡಿಸಿಟ್ಟ ತತ್ವಪದಗಳ 96 ಪುಟದ ಪುಸ್ತಕವನ್ನು 2007ರಲ್ಲಿ ನಾನೇ ಮಾಡಿಕೊಟ್ಟಿದ್ದೆ. ಪ್ರತಿ ಮುಗಿದಿವೆ, ಇನ್ನೊಮ್ಮೆ ಹಾಕಿಕೊಡ್ರಿ ಅಂದರು. ಸಿಡಿ ಇತ್ತು, ಪುಣ್ಯಕ್ಕೆ ಓದಿತು. ಪೇಜ್‌ಮೇಕರ್ ಫೈಲೂ ತೆರೆಯಿತು. ಆದರೆ ಅದನ್ನು ಮಾಡಿದ್ದು ಹೆಸರು ಬೇಡವಾದ ಒಂದು ಕನ್ನಡ ಪ್ಯಾಕೇಜಿನಲ್ಲಿ, ಪ್ರಿಂಟರ್ ಪೋರ್ಟಿಗೆ ಲಾಕ್ ಅನ್ನೋ ಕಳವು ತಡೆಯುವ ಸಣ್ಣ ಡಬ್ಬಿ ಸಿಕ್ಕಿಸಿದರೆ ಮಾತ್ರ ನಡೆಯುವಂಥದ್ದು. ನಾನು ಎಕ್ಸ್‌ಪಿ ಬಿಟ್ಟು 64 ಬಿಟ್ ವಿಂಡೋಸ್ 7ಕ್ಕೆ ಹೋದ ದಿನವೇ ಆ ಲಾಕಿನ ಹಳೇ ಡ್ರೈವರ್ ಸತ್ತಿತ್ತು. ಅಂದರೆ ವಿಂಡೋಸಿನಿಂದ ವಿಂಡೋಸಿಗೆ ಹೋಗುವಾಗಲೇ ನನ್ನ ಫೈಲು ಕೈಬಿಟ್ಟಿದ್ದವು, ನನಗೆ ಗೊತ್ತಾಗಲಿಕ್ಕೆ ಇಷ್ಟು ವರ್ಷ ಬೇಕಾಯಿತು! ಪರದೆ ತುಂಬ ಇಂಗ್ಲಿಷಿನ ಕಸ ನೋಡಿ ಮಾಸ್ತರು ಕನ್ನಡಕ ಸರಿ ಮಾಡಿಕೊಂಡು ಕೇಳಿದರು: "ಇದೇನ್ರೀ, ನಮ್ಮಪ್ಪಗ ಇಂಗ್ಲಿಷೇ ಬರ್ತಿದ್ದಿಲ್ಲಲ್ಲ?"

ಹಳೇ ಫಾಂಟಿನ ಬರಹವನ್ನ ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದೆ. ಅಕ್ಷರಗಳೇನೋ ಬಂದವು, ಅರ್ಕಾವತ್ತು ಎದ್ದು ಎಲ್ಲೆಲ್ಲೋ ಓಡಿದ್ದವು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಅಕ್ಷರ ಆದ ಮೇಲೆ ಕೂಡ್ತದೆ, ಯೂನಿಕೋಡಿನಲ್ಲಿ ಅಕ್ಷರಕ್ಕಿಂತ ಮೊದಲು ಬರಬೇಕು. ಅದಕ್ಕೇ ನೀವು ಎಷ್ಟೋ ಕಡೆ "ಕನಾ೯ಟಕ" ಅಂತ ಒಂಬತ್ತು ತುರುಕಿದ ಕರ್ನಾಟಕ ನೋಡಿರ್ತೀರಿ. ತತ್ವಪದದಲ್ಲಿ ಧರ್ಮ, ಕರ್ಮ, ಮರ್ಮ, ನಿರ್ಗುಣ ಸಾಲು ಸಾಲಿಗೆ. ಎಲ್ಲ "ಧಮ೯, ಕಮ೯" ಆಗಿ ಕೂತಿದ್ದವು. ಹಳೇ ಪ್ರತಿ ಮಗ್ಗುಲಲ್ಲಿಟ್ಟುಕೊಂಡು ಐದು ರಾತ್ರಿ ತಿದ್ದಿದೆ. ತಿದ್ದಿದ್ದು ಯಾವ ಮಷಿನ್ನಿನಲ್ಲಿ ಅಂದರೆ, ಲಿನಕ್ಸಿನಲ್ಲಿ. ಕೀಬೋರ್ಡ್ ಪಟ್ಟಿಯಲ್ಲಿ ಕಗಪ ಅಂತ, ನುಡಿಯಲ್ಲಿರುವಂಥದ್ದೇ ಕೀಲಿ ಜೋಡಣೆ ಇತ್ತು. ಆರಿಸಿಕೊಂಡು ಎಡಗೈ ತೋರುಬೆರಳು ಎಫ್ ಮೇಲೆ ಇಟ್ಟೆ, ಒತ್ತಕ್ಷರ ಬಂತು. ನುಡಿಯಲ್ಲಿ ಪಳಗಿದ ಕೈಗೆ ಬೇರೆ ಊರಿಗೆ ಬಂದೆ ಅಂತಲೇ ಅನ್ನಿಸಲಿಲ್ಲ. ನಮ್ಮ ಅಳಿಯ ಇಷ್ಟು ದಿನ ಲಿನಕ್ಸಿನ ಗುಣಗಾನದಲ್ಲಿ ಸೂಪರ್‌ಕಂಪ್ಯೂಟರ್, ಸರ್ವರ್ ಅಂತೆಲ್ಲ ಹೇಳಿದನೇ ಹೊರತು ಇದೊಂದನ್ನು ಹೇಳಲಿಲ್ಲ ನೋಡ್ರಿ.

ಪುಟ ಕಟ್ಟಿದ್ದು ಗೆಳೆಯನ ಮ್ಯಾಕಿನಲ್ಲಿ, ಇನ್‌ಡಿಸೈನ್ ಅನ್ನೋ ಪುಟ ಕಟ್ಟುವ ಪ್ರೋಗ್ರಾಮಿನಲ್ಲಿ. ಅಲ್ಲಿ ಪ್ಯಾರಾಗ್ರಾಫಿಗೆ ವರ್ಲ್ಡ್‌ರೆಡಿ ಕಂಪೋಸರ್ ಆರಿಸಬೇಕು, ಇಲ್ಲದಿದ್ದರೆ ಒತ್ತುಗಳು ಚೆಲ್ಲಾಪಿಲ್ಲಿ. ಡಿಟಿಪಿ ಮಾಡುವ ತಮ್ಮಂದಿರು ನೆನಪಿಟ್ಟುಕೊಳ್ರಿ, ನಾನು ಅರ್ಧ ದಿನ ಕಳಕೊಂಡೆ. ಪಿಡಿಎಫ್ ಪ್ರೆಸ್ಸಿಗೆ ಕಳಿಸಿದ್ದು, ಬಿಲ್ಲು ಟ್ಯಾಲಿಗೆ ಏರಿಸಿದ್ದು ವಿಂಡೋಸಿನಿಂದ. ಮೂರೂ ಮಷಿನ್ನಿನಲ್ಲಿ ಒಂದೇ ಫೈಲು ತಿರುಗಾಡಿತು, ಒಂದು ಅಕ್ಷರ ಕದಲಲಿಲ್ಲ. ಐತವಾರ ಜಗಳಾಡಿದ ಮೂವರಿಗೂ ಒಂದೊಂದು ಪ್ರತಿ ಕೊಟ್ಟೆ. ರಿಪೇರಿ ಹುಡುಗ ಮುಖಪುಟ ನೋಡಿ "ಬೈಂಡಿಂಗ್ ಚಲೋ ಆಗೇತ್ರಿ" ಅಂದ, ಅಷ್ಟೇ.

ಹೊಸ ಕೆಲಸವೆಲ್ಲ ಯೂನಿಕೋಡಿನಲ್ಲೇ ಅಂತ ಈ ಜಾತ್ರೆಯಿಂದ ಗಟ್ಟಿ ಮಾಡಿದ್ದೀನಿ. ನುಡಿಯೂ ಈಗ ಯೂನಿಕೋಡಿನಲ್ಲಿ ಬರೀತದೆ, ನಾವು ಆಪ್ಷನ್ ಬದಲಿಸಬೇಕು ಅಷ್ಟೇ. ಚಂದದ ತಲೆಬರಹದ ಫಾಂಟು ಯೂನಿಕೋಡಿನಲ್ಲಿ ಕಮ್ಮಿ ಅನ್ನೋ ದೂರು ನಿಜ. ಲಗ್ನಪತ್ರಿಕೆಯ ಬಳ್ಳಿ ಅಕ್ಷರಕ್ಕೆ ಇನ್ನೂ ಹಳೇ ಮಷಿನ್ನಿಗೇ ಹೋಗ್ತೀನಿ, ಆ ಒಂದು ಸಾಲನ್ನು ಚಿತ್ರ ಮಾಡಿ ಅಂಟಿಸ್ತೀನಿ. ಉಳಿದ ಎರಡನೇ ಐ3ಗೆ ಏನು ಹಾಕೋದು ಅಂತ ನಿರ್ಧಾರ ಆಗಿಲ್ಲ. ಟ್ಯಾಲಿ ಹೊಸ ಮಷಿನ್ನಿಗೆ ಹೋದರೆ ಅದಕ್ಕೂ ಮಿಂಟೇ ಗತಿ.

ಕಡೆಗೆ ಒಂದು ಕೆಲಸದ ಮಾತು. ಅಂಥ ಹಳೇ ಸಿಡಿ ನನ್ನ ಕಪಾಟಿನಲ್ಲಿ ಇನ್ನೂ ನಾಲ್ಕು ಉಳಿದಿವೆ, ಎರಡರ ಅಚ್ಚಾದ ಪ್ರತಿ ಕೂಡ ಎಲ್ಲೂ ಸಿಗ್ತಿಲ್ಲ. ಲಾಕ್ ಗಲ್ಲಾಪೆಟ್ಟಿಗೆಯಲ್ಲಿ ಭದ್ರ ಐತಿ. ಗದಗ, ಹುಬ್ಬಳ್ಳಿ, ಹಾವೇರಿ ಕಡೆ ಯಾರ ಅಟ್ಟದ ಮೇಲಾದರೂ ಪ್ರಿಂಟರ್ ಪೋರ್ಟ್ ಇರುವ ಎಕ್ಸ್‌ಪಿ ಮಷಿನ್ನು ಧೂಳು ತಿನ್ನುತ್ತ ಕೂತಿದ್ದರೆ ಗುಜರಿಗೆ ಹಾಕಬ್ಯಾಡ್ರಿ, ನನಗೆ ತಿಳಿಸ್ರಿ. ಎರಡು ದಿನಕ್ಕೆ ಬಾಡಿಗೆ ಕೊಟ್ಟರೂ ನಡೀತದ, ಹೊತ್ತು ತಂದು ಹೊತ್ತು ಮುಟ್ಟಿಸೋದು ನಂದು.