ಕಾಗದದ ಮೇಲೆ ಕಾಲಿಟ್ಟು ಬೂಟು ತರಿಸುವ ಕ್ರಮ

ನಿಮ್ಮ ಕಾಲಿನ ನಂಬರು ನಿಮಗೇ ಗೊತ್ತಿಲ್ಲ. ಅಂಚೆಯಲ್ಲಿ ಆರ್ಡರ್ ತೆಗೆದುಕೊಂಡು ಸಾಮಾನು ಮಾರುವ ಸಿಯರ್ಸ್, ರೋಬಕ್ ಕಂಪನಿಯ ಕ್ಯಾಟಲಾಗಿನಿಂದ ಬೂಟು ತರಿಸಬೇಕು. ನೀವು ಅಮೆರಿಕದ ಅಯೋವಾ ರಾಜ್ಯದ ಜೋಳದ ಹೊಲದ ನಡುವೆ ಇದ್ದೀರಿ, ಕಂಪನಿ ಷಿಕಾಗೋದಲ್ಲಿದೆ, ಇಸವಿ 1908 ಎಂದಿಟ್ಟುಕೊಳ್ಳಿ. ಕಾಲುಚೀಲ ಹಾಕಿಕೊಂಡು, ನೆಲಕ್ಕೆ ಕಾಗದ ಹಾಸಿ, ಅದರ ಮೇಲೆ ಪೂರ್ತಿ ಭಾರ ಬಿಟ್ಟು ನಿಂತು, ಪಾದದ ಸುತ್ತ ಪೆನ್ಸಿಲಿನ ಗೆರೆ ಎಳೆದು ಕಳಿಸಬೇಕು. ಇಷ್ಟು ಸುಲಭದ ಕೆಲಸವನ್ನೂ ಕೆಡಿಸಲು ಸಾಧ್ಯವಿದೆ. ಕುರ್ಚಿಯಲ್ಲಿ ಕೂತು ಗೆರೆ ಎಳೆದರೆ ಪಾದ ಹರಡಿಕೊಳ್ಳುವುದಿಲ್ಲ, ಬರುವ ಬೂಟು ಬಿಗಿ. ಪೆನ್ಸಿಲ್ ಒಳಕ್ಕೆ ವಾಲಿದರೆ ಪಾದ ಸಣ್ಣದಾಗುತ್ತದೆ, ಹೊರಕ್ಕೆ ವಾಲಿದರೆ ಆನೆಕಾಲು. ನಿಂತವರೇ ಬಗ್ಗಿ ಎಳೆದರೆ ಭಾರವೆಲ್ಲ ಮುಂದಕ್ಕೆ ಸರಿದು ಹಿಮ್ಮಡಿಯ ಗೆರೆ ಎಲ್ಲೋ ಹೋಗಿರುತ್ತದೆ. ಹೆಂಡತಿಯ ಕೈಲಿ ಎಳೆಸಬೇಕು, ಆಗ ಬೂಟು ಕಚ್ಚಿದರೆ ಯಾರನ್ನು ಬೈಯಬೇಕೆಂಬುದೂ ತೀರ್ಮಾನವಾಗಿರುತ್ತದೆ.

ಟೋಪಿಯ ಲೆಕ್ಕ ಬೇರೆ. ಕಿವಿಯ ಮೇಲ್ಭಾಗದಿಂದ ಹಣೆ ಸುತ್ತಿ ಟೇಪು ಹಿಡಿದಾಗ 22 ಇಂಚು ಬಂದರೆ ಅಂಗಡಿ ಭಾಷೆಯಲ್ಲಿ ಅದು 7ನೇ ನಂಬರು. ತಲೆಯನ್ನು ದುಂಡಗೆಂದು ನಂಬಿ ಸುತ್ತಳತೆಯನ್ನು ಹೆಚ್ಚುಕಡಿಮೆ 3.14ರಿಂದ ಭಾಗಿಸಿದಂತೆ. ಸೈಜಿನ ಜಾಗದಲ್ಲಿ 22 ಎಂದು ಬರೆದರೆ ಷಿಕಾಗೋದ ಗುಮಾಸ್ತನಿಗೆ ಇದು ಮನುಷ್ಯನ ತಲೆಯೋ ಹಿತ್ತಲಿನ ಹಂಡೆಯೋ ಎಂಬ ಅನುಮಾನ. ಕನ್ನಡಕ ಬೇಕಾದವರು ಮನೆಯಲ್ಲೇ ಅಕ್ಷರ ಓದಿ ಕಣ್ಣು ಪರೀಕ್ಷಿಸಿಕೊಂಡು ಬರೆಯುತ್ತಿದ್ದರು. ಪರೀಕ್ಷೆಯ ಸೂಚನೆಗಳನ್ನು ಓದಲು ಕನ್ನಡಕ ಬೇಕಲ್ಲ ಎಂಬ ಪ್ರಶ್ನೆ ಕೇಳಬಾರದು. ಬೊಕ್ಕತಲೆಯವರು ತಲೆಯ ಅಳತೆಯ ಜೊತೆ ಉಳಿದಿದ್ದ ಕೂದಲಿನ ಮಾದರಿಯನ್ನೂ ಲಕೋಟೆಗೆ ಹಾಕಿ ವಿಗ್ ತರಿಸಬಹುದಿತ್ತು.

ಈ ಕ್ಯಾಟಲಾಗು ಪುಸ್ತಕದ ನಿಜವಾದ ಬುದ್ಧಿವಂತಿಕೆ ಇರುವುದು ಮಾರುವ ಸಾಮಾನಿನಲ್ಲಲ್ಲ. ಗಿರಾಕಿ ಎಡವಟ್ಟು ಮಾಡಿಯೇ ಮಾಡುತ್ತಾನೆ, ಅದಕ್ಕೆ ಮೊದಲೇ ಹಾಸಿಗೆ ಹಾಸಿಡಬೇಕು ಎಂಬ ತಿಳಿವಳಿಕೆಯಲ್ಲಿ. ಯಾವ ಭಾಷೆಯಲ್ಲಾದರೂ ಬರೆಯಿರಿ, ಅಕ್ಷರ ಕೆಟ್ಟದಾಗಿದ್ದರೂ ಚಿಂತೆಯಿಲ್ಲ ಎಂದು ಆರ್ಡರಿನ ಪುಟದಲ್ಲೇ ಹೇಳಿತ್ತು. ಜರ್ಮನ್, ಸ್ವೀಡಿಷ್ ಮಾತಾಡುವ ಹೊಸಬರು ಆ ಹೊಲಗಳಲ್ಲಿ ತುಂಬಿದ್ದ ಕಾಲ. ಹಣ ಕಳಿಸುವುದು ಗೊತ್ತಿಲ್ಲವೇ? ಕಾಗದವನ್ನೂ ದುಡ್ಡನ್ನೂ ಮನೆಬಾಗಿಲಿಗೆ ಬರುವ ಅಂಚೆಯವನ ಕೈಗೆ ಕೊಡಿ, ಅವನೇ ಪೋಸ್ಟ್ ಆಫೀಸಿನಲ್ಲಿ ಮನಿಯಾರ್ಡರ್ ಮಾಡಿಸಿ ಲಕೋಟೆಯೊಳಗೆ ಇಟ್ಟು ಕಳಿಸುತ್ತಾನೆ ಎಂಬ ಸೂಚನೆಯೂ ಇತ್ತು. ವಿ.ಪಿ.ಪಿ. ಬಿಡಿಸಿಕೊಳ್ಳಲು ಪೋಸ್ಟ್‌ಮ್ಯಾನ್ ಮುಂದೆ ಚಿಲ್ಲರೆಗಾಗಿ ಸಾಸಿವೆ ಡಬ್ಬಿ ತಡಕಾಡಿದ ನಮ್ಮ ಕಡೆಯವರಿಗೆ ಇದರ ಸುಖ ಅರ್ಥವಾದೀತು.

ದೊಡ್ಡ ಫಜೀತಿ ಇದ್ದದ್ದು ರೈಲಿನಲ್ಲಿ. 1913ರ ಜನವರಿ 1ರಂದು ಪಾರ್ಸೆಲ್ ಪೋಸ್ಟ್ ಶುರುವಾಗುವ ತನಕ ಅಮೆರಿಕದ ಅಂಚೆ ಇಲಾಖೆ 4 ಪೌಂಡಿಗಿಂತ ಭಾರದ ಪೊಟ್ಟಣ ಮುಟ್ಟುತ್ತಿರಲಿಲ್ಲ. ಶುರುವಾದ ಮೇಲೂ ಮೊದಮೊದಲು 11 ಪೌಂಡೇ ಮಿತಿ. ಒಲೆ, ನೇಗಿಲು, ಹೊಲಿಗೆ ಯಂತ್ರವೆಲ್ಲ ಗೂಡ್ಸ್ ಗಾಡಿಯಲ್ಲೇ ಬರಬೇಕು. ಅಲ್ಲಿ ಕನಿಷ್ಠ ಬಾಡಿಗೆ 100 ಪೌಂಡಿನದು, 25 ಪೌಂಡಿನ ಸಾಮಾನು ತರಿಸಿದರೂ ಅಷ್ಟೇ ಕಕ್ಕಬೇಕು. ಅದಕ್ಕೇ ನೆರೆಯವರನ್ನೆಲ್ಲ ಸೇರಿಸಿ ಒಟ್ಟಿಗೆ ಆರ್ಡರ್ ಮಾಡಿ ಎಂದು ಕ್ಯಾಟಲಾಗು ಬುದ್ಧಿ ಹೇಳುತ್ತಿತ್ತು. ಲೆಕ್ಕಕ್ಕೆ ಸರಿ. ಆದರೆ ನಾಲ್ಕು ಮನೆಯ ಸಾಮಾನು ಒಬ್ಬನ ಹೆಸರಿನಲ್ಲಿ ಒಂದೇ ಪೆಟ್ಟಿಗೆಯಲ್ಲಿ ಬಂದು ಇಳಿದ ಮೇಲೆ, ಪಕ್ಕದ ಮನೆಯಾಕೆಯ ಒಳ ಉಡುಪಿನ ಸೈಜು ಊರಿಗೆಲ್ಲ ಗೊತ್ತಾಗದೆ ಇರುತ್ತದೆಯೇ? ಬಾಡಿಗೆ ಹಂಚಿಕೊಳ್ಳುವಾಗ ತೂಕದ ಮೇಲೋ ಬೆಲೆಯ ಮೇಲೋ ಎಂಬ ತಕರಾರು ಬೇರೆ. ಒಲೆ ತರಿಸಿದವನು ಬೆಲೆಯ ಮೇಲೆ ಎನ್ನುತ್ತಾನೆ, ಗಡಿಯಾರ ತರಿಸಿದವನು ತೂಕದ ಮೇಲೆ ಎನ್ನುತ್ತಾನೆ.

ಮಾಸ್ತರು ಇಲ್ಲದ ಸಣ್ಣ ಸ್ಟೇಷನ್ನಾದರೆ ಬಾಡಿಗೆಯನ್ನು ಮುಂಗಡ ಕಟ್ಟಲೇಬೇಕು, ಇಳಿಸಿಕೊಂಡು ದುಡ್ಡು ವಸೂಲಿ ಮಾಡಲು ಅಲ್ಲಿ ಯಾರೂ ಇಲ್ಲ. ಮಾಸ್ತರಿದ್ದರೆ ರಸೀದಿಗೆ ಸಹಿ ಹಾಕುವ ಮುಂಚೆ ಪೆಟ್ಟಿಗೆಯನ್ನು ಸುತ್ತು ಬಂದು ನೋಡಿ, ಒಡೆದಿದ್ದರೆ ಅದನ್ನು ಅವನ ಕೈಯಿಂದಲೇ ರಸೀದಿಯ ಮೇಲೆ ಬರೆಸಿಕೊಳ್ಳಬೇಕು. ಮನೆಗೆ ಒಯ್ದು ಬಿಚ್ಚಿ ಅತ್ತರೆ ರೈಲ್ವೆಯವರು ಕಂಪನಿಯತ್ತ, ಕಂಪನಿಯವರು ರೈಲ್ವೆಯತ್ತ ಕೈ ತೋರಿಸುತ್ತಾರೆ. ಈ ಒಂದು ವಿಷಯದಲ್ಲಿ ನೂರು ವರ್ಷಗಳಿಂದ ಏನೂ ಬದಲಾಗಿಲ್ಲ.

ಕಂಪನಿಯ ಯಜಮಾನ ರಿಚರ್ಡ್ ಸಿಯರ್ಸ್ ಸ್ವತಃ ಮಿನೆಸೋಟದಲ್ಲಿ ರೈಲ್ವೆ ಸ್ಟೇಷನ್ ಏಜೆಂಟನಾಗಿದ್ದವನು. 1886ರಲ್ಲಿ ಊರಿನ ಆಭರಣದಂಗಡಿಯವನು ಬೇಡವೆಂದ ಜೇಬುಗಡಿಯಾರಗಳ ಪೆಟ್ಟಿಗೆಯೊಂದನ್ನು ತಾನೇ ಕೊಂಡು, ಅದೇ ರೈಲುಮಾರ್ಗದ ಬೇರೆ ಸ್ಟೇಷನ್ನಿನವರಿಗೆ ಮಾರಿ ಬೋಣಿ ಮಾಡಿದ. ಮರುವರ್ಷ ಷಿಕಾಗೋಗೆ ಬಂದು, ಗಡಿಯಾರ ರಿಪೇರಿಗೆ ಆಲ್ವಾ ರೋಬಕ್‌ನನ್ನು ಸೇರಿಸಿಕೊಂಡ. ಜಾಹೀರಾತು ಬರೆಯುವುದರಲ್ಲಿ ಸಿಯರ್ಸ್ ಭೂಪ. ಸೋಫಾ ಮತ್ತು ಎರಡು ಕುರ್ಚಿ ಬರೀ 95 ಸೆಂಟಿಗೆ ಎಂಬ ಅವನ ಹಳೆಯ ಜಾಹೀರಾತೊಂದರ ಕಥೆ ಇಂದಿಗೂ ಓಡಾಡುತ್ತಿದೆ. ದುಡ್ಡು ಕಳಿಸಿದವರಿಗೆ ಬಂದದ್ದು ಗೊಂಬೆಮನೆಗೆ ಹಾಕುವ ಪೀಠೋಪಕರಣ. ಪುಟಾಣಿ ಎಂಬ ಮಾತು ಜಾಹೀರಾತಿನಲ್ಲಿ ಇತ್ತು, ಇರುವೆಯ ಗಾತ್ರದ ಅಕ್ಷರದಲ್ಲಿ. ಇನ್ನೊಂದು ಕಥೆ ಸ್ಟೇಷನ್ನಿಗೆ ಹೋದಾಗಲೆಲ್ಲ ಮತ್ತೊಂದು ಹೊಲಿಗೆ ಯಂತ್ರ ಬಂದು ಕೂತಿರುತ್ತಿದ್ದ ಗಿರಾಕಿಯದು. ಐದು ಬಂದ ಮೇಲೆ, ದಯವಿಟ್ಟು ಸಾಕು ಮಾಡಿ ಎಂದು ಅವನು ಗೋಗರೆದು ಬರೆದನಂತೆ.

ನಂಬಲಾಗದ ಕಥೆಯೇನಲ್ಲ. ಆರ್ಡರ್ ಬಂದಷ್ಟು ವೇಗದಲ್ಲಿ ಸಾಮಾನು ಹುಡುಕುವ ವ್ಯವಸ್ಥೆ ಆಗ ಅವರ ಬಳಿ ಇರಲಿಲ್ಲ. ಒಂದೇ ಆರ್ಡರಿನ ಅಂಗಿ ಒಂದು ಅಂತಸ್ತಿನಲ್ಲಿ, ಸುತ್ತಿಗೆ ಇನ್ನೊಂದರಲ್ಲಿ. 1906ರಲ್ಲಿ ಷಿಕಾಗೋದ ಪಶ್ಚಿಮ ಭಾಗದಲ್ಲಿ ಕಟ್ಟಿದ ದೈತ್ಯ ಕಟ್ಟಡದಲ್ಲಿ ಓಟೋ ಡೋರಿಂಗ್ ಎಂಬಾತ ಇದಕ್ಕೊಂದು ಮದ್ದು ಅರೆದ. ಪ್ರತಿ ಆರ್ಡರಿಗೂ 15 ನಿಮಿಷದ ಒಂದು ಗಡುವು. ಆ ಕಾಲು ಗಂಟೆಯೊಳಗೆ ಎಲ್ಲ ವಿಭಾಗಗಳೂ ತಂತಮ್ಮ ಸಾಮಾನನ್ನು ಜಾರುದಾರಿಗಳಲ್ಲೂ ಓಡುವ ಪಟ್ಟಿಗಳಲ್ಲೂ ಬಿಟ್ಟು ಪ್ಯಾಕಿಂಗ್ ಕೋಣೆ ಮುಟ್ಟಿಸಬೇಕು. ತಡವಾದ ಸಾಮಾನು ಬೇರೆಯಾಗಿ ಹೋಗುತ್ತದೆ, ಅದರ ಸಾಗಣೆ ಖರ್ಚು ತಡಮಾಡಿದ ವಿಭಾಗದ ಲೆಕ್ಕಕ್ಕೆ. ಆಮೇಲೆ ಹೊಲಿಗೆ ಯಂತ್ರಗಳು ಒಂದೊಂದಾಗಿಯೇ ಹೋದವು.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂಬ ಗಾದೆ ಅಮೆರಿಕದ ರೈತನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ 1908ರಿಂದ 1940ರ ನಡುವೆ ಈ ಕಂಪನಿ ಸುಮಾರು 70,000 ಮನೆಗಳನ್ನು ಅಂಚೆಯ ಆರ್ಡರಿನ ಮೇಲೆ ಮಾರುತ್ತಿರಲಿಲ್ಲ. ಒಂದು ಸಾಧಾರಣ ಮನೆ ಎಂದರೆ 30,000 ತುಂಡು, 25 ಟನ್ ತೂಕ, 750 ಪೌಂಡ್ ಮೊಳೆ, 27 ಗ್ಯಾಲನ್ ಬಣ್ಣ ಮತ್ತು ವಾರ್ನಿಷ್, ಜೊತೆಗೆ 75 ಪುಟದ ಕೈಪಿಡಿ. ಮೊದಲ ವರ್ಷಗಳಲ್ಲಿ ಮರ ಉದ್ದುದ್ದ ಬರುತ್ತಿತ್ತು, ಗರಗಸ ನಿಮ್ಮದೇ. ಆಮೇಲೆ ಅಳತೆಗೆ ಕೊಯ್ದು ತೊಲೆಯ ತುದಿಗೆ ಒಂದು ಅಕ್ಷರ, ಒಂದೆರಡು ಅಂಕಿ ಒತ್ತಿ ಕಳಿಸತೊಡಗಿದರು.

ಕೆಡುತ್ತಿದ್ದದ್ದು ಎಲ್ಲಿ? ಮೊದಲನೆಯದಾಗಿ, ಇಟ್ಟಿಗೆ, ಸಿಮೆಂಟು, ಗಾರೆ ಬರುತ್ತಿರಲಿಲ್ಲ. ಅವುಗಳ ತೂಕಕ್ಕೆ ರೈಲು ಬಾಡಿಗೆ ಕೊಟ್ಟರೆ ಅಗ್ಗದ ಮನೆ ಅಗ್ಗವಾಗಿ ಉಳಿಯುವುದಿಲ್ಲವಾದ್ದರಿಂದ ಊರಿನಲ್ಲೇ ಕೊಳ್ಳಬೇಕು. ನಲ್ಲಿ, ವಿದ್ಯುತ್ತು, ಮನೆ ಬೆಚ್ಚಗಿಡುವ ವ್ಯವಸ್ಥೆಗೂ ಬೇರೆ ದುಡ್ಡು. ಪುಸ್ತಕದ ಬೆಲೆ ನೋಡಿ ಸಾಲ ಲೆಕ್ಕ ಹಾಕಿದವನು ಇಲ್ಲೇ ಕಂತಿನಿಂದ ಆಚೆ ಬೀಳುತ್ತಿದ್ದ. ಎರಡನೆಯದು, ರೈಲು ಬೋಗಿ. ಅದು ನಿಂತು ಕಾಯುವುದು ಎರಡೇ ದಿನ, ಆಮೇಲೆ ದಿನಕ್ಕಿಷ್ಟು ದಂಡ. ಅಡಿಪಾಯದ ಸಿಮೆಂಟು ಒಣಗುವ ಮುಂಚೆ ಬೋಗಿ ಬಂತೆಂದರೆ 25 ಟನ್ ಮರವನ್ನು ಎತ್ತಿನ ಗಾಡಿಯಲ್ಲೋ ಕುದುರೆ ಗಾಡಿಯಲ್ಲೋ ಹೊತ್ತು ತಂದು ಮಳೆಗೆ ನೆನೆಯದಂತೆ ಒಟ್ಟಬೇಕು. ಒಟ್ಟುವಾಗಲೇ ಬುಡಕ್ಕೆ ಬಿದ್ದಿರುವುದು ಮೊದಲು ಬೇಕಾದ ನೆಲದ ತೊಲೆಗಳು, ಮೇಲೆ ಕೂತಿರುವುದು ಕೊನೆಗೆ ಬೇಕಾದ ಕಿಟಕಿ ಚೌಕಟ್ಟು. ಅಡುಗೆಮನೆ ಬಲಕ್ಕೆ ಬೇಡ, ಎಡಕ್ಕೆ ಬೇಕು ಎಂದಾದರೆ ಆರ್ಡರ್ ಬರೆಯುವಾಗಲೇ ಹೇಳಬೇಕು. ನಂಬರು ಒತ್ತಿದ ಮರ ಬಂದ ಮೇಲೆ ಯಾರಿಗಾದರೂ ವಾಸ್ತು ನೆನಪಾದರೆ ಪ್ರಯೋಜನವಿಲ್ಲ.

ಇಷ್ಟಾದರೂ ಆ ಮನೆಗಳು ಗಟ್ಟಿಯಾಗಿವೆ. ಇಲಿನಾಯ್ಸ್‌ನ ಕಾರ್ಲಿನ್‌ವಿಲ್ ಊರಿನಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ತನ್ನ ಗಣಿ ಕೆಲಸಗಾರರಿಗೆಂದು 1918ರ ಸುಮಾರಿಗೆ ತರಿಸಿದ 156 ಮನೆಗಳಲ್ಲಿ ಬಹುಪಾಲು ಇನ್ನೂ ನಿಂತಿವೆ. ಸಿಯರ್ಸ್‌ನ ಮಾರಾಟದ ಕಡತಗಳು ಮಾತ್ರ ಉಳಿದಿಲ್ಲ. ಹಾಗಾಗಿ ಅಮೆರಿಕದಲ್ಲಿ ಹಳೆ ಮನೆಯುಳ್ಳವರೆಲ್ಲ ನಮ್ಮದು ಸಿಯರ್ಸ್ ಮನೆ ಎಂದು ಬೀಗುತ್ತಾರೆ. ತೊಲೆಯ ತುದಿಯ ಅಂಕಿ, ಬಾಗಿಲ ಪಟ್ಟಿಯ ಬೆನ್ನಿಗಂಟಿದ ಸಾಗಣೆ ಚೀಟಿ ನೋಡದೆ ನಂಬಬಾರದು. ಅಲಾದ್ದೀನ್ ಎಂಬ ಮಿಷಿಗನ್ ಕಂಪನಿ 1906ರಲ್ಲೇ ಇದೇ ವ್ಯಾಪಾರ ಶುರು ಮಾಡಿತ್ತು. ಮರದಲ್ಲಿ ಗಂಟು ತೋರಿಸಿದರೆ ಗಂಟಿಗೊಂದು ಡಾಲರ್ ಎಂದು ಪಣ ಬೇರೆ ಕಟ್ಟಿತ್ತು.

ಮನೆಯಾಯಿತು, ಮೋಟಾರು ಬೇಡವೇ? 1909ರಲ್ಲಿ 395 ಡಾಲರಿಗೆ ಸಿಯರ್ಸ್ ಮೋಟಾರ್ ಬಗ್ಗಿ ಸಿಗುತ್ತಿತ್ತು. ಜಟಕಾ ಗಾಡಿಯಂತೆ ಎತ್ತರದ ಚಕ್ರ, ಸ್ಟಿಯರಿಂಗ್ ಬದಲು ಒಂದು ಹಿಡಿ. ಗೇರು ಇಲ್ಲ, ಒಂದು ತಟ್ಟೆ ಇನ್ನೊಂದಕ್ಕೆ ಒತ್ತಿಕೊಂಡು ತಿರುಗಬೇಕು. ಅವುಗಳ ನಡುವೆ ನಾಲ್ಕು ಹನಿ ಎಣ್ಣೆ ಬಿದ್ದರೆ ಎಂಜಿನ್ ಭರ್ರೆಂದು ಓಡುತ್ತದೆ, ಗಾಡಿ ನಿಂತಲ್ಲೇ ನಿಂತಿರುತ್ತದೆ. ಮಾರಿದಷ್ಟೂ ನಷ್ಟವೆಂದು 1912ಕ್ಕೆ ಕಂಪನಿ ಮೋಟಾರಿನ ಅಂಗಡಿ ಎತ್ತಿತು.

ಊರಿನ ವರ್ತಕರಿಗೆ ಈ ಪುಸ್ತಕ ಕಂಡರೆ ಮೈಯೆಲ್ಲ ಉರಿ. ಕ್ಯಾಟಲಾಗು ತಂದುಕೊಟ್ಟವರಿಗೆ ಬಹುಮಾನವೆಂದು ಸಾರಿ, ಗುಡ್ಡೆ ಹಾಕಿ ಸುಟ್ಟರು. ದಕ್ಷಿಣದ ಕಪ್ಪು ಜನರಿಗೆ ಅದೇ ಪುಸ್ತಕ ಮರ್ಯಾದೆ ತಂದಿತ್ತು. ಬಿಳಿಯನ ಅಂಗಡಿಯಲ್ಲಿ ಎಲ್ಲರ ಸರದಿ ಮುಗಿಯುವ ತನಕ ನಿಂತು, ಉಳಿದ ಮಾಲು ಕೊಳ್ಳಬೇಕಿದ್ದವರು ಈಗ ಬಿಳಿಯರು ಕೊಟ್ಟ ಬೆಲೆಗೇ ಅದೇ ಮಾಲು ತರಿಸಿದರು. ಕಾಗದಕ್ಕೆ ಬಣ್ಣ ಕಾಣಿಸುವುದಿಲ್ಲವಲ್ಲ.

ಹಳೆಯ ಪುಸ್ತಕದ ಕೊನೆಯ ಸೇವೆ ಹಿತ್ತಲಿನ ಪಾಯಿಖಾನೆಯಲ್ಲಿ, ಮೊಳೆಗೆ ತೂಗುಹಾಕಿಕೊಂಡು. ಒರಟು ಕಾಗದದ ಕಪ್ಪು-ಬಿಳುಪು ಪುಟಗಳು ಮೊದಲು ಖಾಲಿ, ನುಣುಪಿನ ಬಣ್ಣದ ಪುಟಗಳು ಕೊನೆಗೆ. ನುಣುಪು ಕಾಗದಕ್ಕೆ ಮೇಲೆ ಜೇಡಿಯ ಲೇಪ, ಏನನ್ನೂ ಹೀರುವುದಿಲ್ಲ, ಎರಡೂ ಅಂಗೈಯಲ್ಲಿ ಉಂಡೆ ಕಟ್ಟಿ ಬಿಡಿಸಿ ಮತ್ತೆ ಕಟ್ಟಿ ಮೆದುಮಾಡಬೇಕು. ಮುದ್ರಣ ಚೆಂದವಾದಷ್ಟೂ ಓದುಗರ ಕಷ್ಟ ಹೆಚ್ಚಿತು.

ದೊಡ್ಡ ಕ್ಯಾಟಲಾಗನ್ನು ಕಂಪನಿ 1993ರಲ್ಲಿ ನಿಲ್ಲಿಸಿತು. ಮರುವರ್ಷ ಅಮೆಜಾನ್ ಹುಟ್ಟಿತು. ಮುಹೂರ್ತ ನೋಡಿ ತಪ್ಪು ಮಾಡುವುದೆಂದರೆ ಇದು. 2018ರಲ್ಲಿ ದಿವಾಳಿ ಅರ್ಜಿ. ಷಿಕಾಗೋಗೆ ಮಕ್ಕಳ ಮನೆಗೆ ಹೋಗಿ ಬಂದ ನಮ್ಮೂರ ಅಪ್ಪ-ಅಮ್ಮಂದಿರು 110 ಅಂತಸ್ತಿನ ಸಿಯರ್ಸ್ ಟವರ್ ನೋಡಿದೆವು ಎನ್ನುತ್ತಾರೆ. 2009ರಿಂದ ಅದರ ಹೆಸರು ವಿಲಿಸ್ ಟವರ್.

ಈಗ ಹಳೆಯ ಕ್ಯಾಟಲಾಗನ್ನೇ ಆನ್‌ಲೈನಿನಲ್ಲಿ ಕೊಳ್ಳುವವರಿದ್ದಾರೆ. ಅಸಲಿ 1897 ಎಂದು ಮಾರುವುದರಲ್ಲಿ ಬಹಳಷ್ಟು 1968ರ ಮರುಮುದ್ರಣ. ಅಸಲಿಯ ಕಾಗದ ತೆಳು, ಹಳದಿ, ಮೂಲೆ ಮುಟ್ಟಿದರೆ ಪುಡಿ. ಮಾರುವವನ ಹತ್ತಿರ ಮೊದಲ ಪುಟಗಳ ಫೋಟೋ ಕೇಳಿ. ಆ ಕಾಲದ ಜನ ಎಷ್ಟು ಮುಗ್ಧರಾಗಿದ್ದರು ಎಂದು ಕೊಂಡಾಡುವ ಮುನ್ನುಡಿ ಇದ್ದರೆ, ಅದು ಆ ಕಾಲದ ಪುಸ್ತಕವಲ್ಲ.